ಎರಡನೇ ತುಂಡು ಬೆಣ್ಣೆ

ಜರೀಫ್ಮೋ ಅಕ್ಕ ನಿಮ್ಮ ಚಹಾದ ಬಟ್ಟಲಿಗೆ ಎರಡನೇ ತುಂಡು ಬೆಣ್ಣೆ ಹಾಕಿದಳೆಂದರೆ ಮುಗಿಯಿತು, ಊರಿನಲ್ಲಿ ನಿಮ್ಮವರು ಯಾರೋ ಮಣ್ಣಾಗಿದ್ದಾರೆ. ಮೊದಲ ತುಂಡು ಎಲ್ಲರಿಗೂ ಇತ್ತು. ಬಾಯಿಬಿಟ್ಟು ಆಕೆ ಹೇಳುತ್ತಿರಲಿಲ್ಲ. ಹೇಳುವುದು ನಮ್ಮಲ್ಲಿ ಪದ್ಧತಿಯೂ ಅಲ್ಲ. ದೂರದಲ್ಲಿರುವವನಿಗೆ ಸಾವಿನ ಸುದ್ದಿಯನ್ನು ದಾರಿಯಲ್ಲಿ ಕೊಡಬಾರದು. ಅವನು ಮನೆಯ ಹೊಸ್ತಿಲು ದಾಟಿ, ನಡುಮನೆಯ ಕಂಬಕ್ಕೆ ಒರಗಿ ಕೂತಮೇಲೆ, ಸುತ್ತ ತನ್ನವರು ಇರುವಾಗ ಕೊಡಬೇಕು. ಅಲ್ಲಿಯತನಕ “ಅಪ್ಪನಿಗೆ ಹುಷಾರಿಲ್ವಂತೆ, ಒಂದ್ಸಲ ಬಂದು ಹೋಗು ಅಂದಿದ್ದಾರೆ” ಎಂಬ ಒಂದೇ ಮಾತು. ಪಾಮೀರ್ ಬೆಟ್ಟಗಳಲ್ಲಿ ಹುಟ್ಟಿದ ಎಲ್ಲರಿಗೂ ಈ ಮಾತು ಗೊತ್ತು, ಅದರ ಹೊಟ್ಟೆಯಲ್ಲಿರುವುದೂ ಗೊತ್ತು. ಆದರೂ ಏನೂ ಗೊತ್ತಿಲ್ಲದವರ ಹಾಗೆ ಚಹಾ ಕುಡಿದು ವಿಮಾನ ಹತ್ತುತ್ತೇವೆ.

ಆಕೆ ಇದ್ದದ್ದು ದುಶಾಂಬೆಯಲ್ಲಿ, ನಮ್ಮ ಬದಖ್ಶಾನ್ ಪ್ರಾಂತದ ಸರ್ಕಾರ ರಾಜಧಾನಿಯಲ್ಲಿ ಇಟ್ಟುಕೊಂಡಿದ್ದ ಕಚೇರಿಯಲ್ಲಿ. ಮುಂಭಾಗದಲ್ಲಿ ಬೋರ್ಡು, ಬಾವುಟ, ಸಾಹೇಬರ ಕೋಣೆ. ಸಾಹೇಬರು ಕೋಟು ಹಾಕಿಕೊಂಡು ಬೆಳಗಾದರೆ ಮಂತ್ರಿಗಳ ಬಾಗಿಲಿಗೆ ಹೋಗಿ ಹಿಟ್ಟಿಗೂ ಡೀಸೆಲ್ಲಿಗೂ ಕೈಚಾಚುತ್ತಿದ್ದರು. ಬರಿಗೈಲಿ ಹೋದವನಿಗೆ ಈ ಊರಲ್ಲಿ ಬಾಗಿಲು ತೆರೆಯುವುದಿಲ್ಲವಾದ್ದರಿಂದ ಜೀಪಿನ ಹಿಂದೆ ಒಣ ಜರ್ದಾಳು ಹಣ್ಣಿನ ಚೀಲ ಹೇರಿಕೊಂಡು ಹೋಗುವುದು ನನ್ನ ಕೆಲಸ. ನಾನು ಆ ಕಚೇರಿಯ ಡ್ರೈವರ್, ಹೆಸರು ಕಿಮತ್‌ಶೋ. ನನಗೆ ಕೋಪ ಮೂಗಿನ ತುದಿಯಲ್ಲಿ. ಟ್ರಾಫಿಕ್ ಪೊಲೀಸನಿಂದ ಹಿಡಿದು ಸಾಹೇಬರ ತನಕ ನನ್ನ ಬಾಯಿಗೆ ಸಿಗದವರಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಈ ಕಥೆಯಲ್ಲಿ ನನ್ನ ಕೋಪಕ್ಕೂ ಒಂದು ಪಾತ್ರವಿದೆ.

ನಿಜವಾದ ಕಚೇರಿ ಇದ್ದದ್ದು ಹಿಂದುಗಡೆ, ಅಡುಗೆಮನೆಯಲ್ಲಿ. ಅಂತರ್ಯುದ್ಧದ ಚಳಿಗಾಲದಲ್ಲಿ ಇಡೀ ಕಟ್ಟಡದಲ್ಲಿ ಬೆಚ್ಚಗಿದ್ದದ್ದು ಆ ಒಲೆಯೊಂದೇ ಆದ್ದರಿಂದ ಟೆಲಿಫೋನನ್ನೂ ಅಲ್ಲಿಗೇ ಎಳೆದಿದ್ದರು. ಯುದ್ಧ ಮುಗಿದರೂ ಅದು ಅಲ್ಲೇ ಉಳಿಯಿತು. ಊರಿಂದ ಆಸ್ಪತ್ರೆಗೆ ಬಂದವರು, ಓದಲು ಬಂದವರು, ವಿಮಾನಕ್ಕೆ ಕಾಯುವವರು ಎಲ್ಲರೂ ಕೊನೆಗೆ ಬಂದು ಕೂರುತ್ತಿದ್ದದ್ದು ಆ ಒಲೆಯ ಸುತ್ತ. ಜರೀಫ್ಮೋ ಅಕ್ಕ ಫೋನನ್ನು ಕಿವಿ ಭುಜದ ನಡುವೆ ಸಿಕ್ಕಿಸಿಕೊಂಡು, ಕೈಯಲ್ಲಿ ಉಣ್ಣೆಯ ಕಾಲುಚೀಲ ಹೆಣೆಯುತ್ತ, ಒಲೆ ಮೇಲಿನ ಹಾಲು ಉಕ್ಕದ ಹಾಗೆ ಒಂದು ಕಣ್ಣಿಟ್ಟು, ನಮ್ಮ ಪ್ರಾಂತದ ಖೋರೋಗ್ ಪಟ್ಟಣದ ಜೊತೆ ಮಾತಾಡುತ್ತಿದ್ದಳು. ಎಷ್ಟು ಮೆಲುದನಿಯೆಂದರೆ ಎದುರಿಗೆ ಕೂತವನೇ ಬಗ್ಗಿ ಕೇಳಬೇಕು. ಬೆಟ್ಟದ ಆಚೆ ಇರುವ ಸಬ್ಜಾಲಿಗೆ ಅದು ಹೇಗೆ ಕೇಳುತ್ತಿತ್ತೋ! ಸಬ್ಜಾಲಿ ಅಂದರೆ ಖೋರೋಗ್‌ನ ಟೆಲಿಫೋನಿನವನು. ಹುಡುಗಿಯಾಗಿದ್ದಾಗ ಆಕೆಯೂ ಅಲ್ಲೇ ಕೆಲಸ ಮಾಡಿದವಳು.

ರಾಜಧಾನಿಗೆ ಬಂದದ್ದು ಗಂಡನ ಕಾಯಿಲೆಗೆ. ಕಚೇರಿಯಲ್ಲಿ ಒಂದು ಮೂಲೆ ಕೊಟ್ಟಿದ್ದರು. ಗಂಡ ಆಸ್ಪತ್ರೆಯಲ್ಲಿ ಹೋಗಿಬಿಟ್ಟ. ಆವತ್ತು ಕಚೇರಿಯ ಅಡುಗೆಯವನು ಬಂದಿರಲಿಲ್ಲವಂತೆ. ಇಲ್ಲಿನ ಕಾರಿಡಾರಿನಲ್ಲಿ ಮಲಗಿದ್ದ ರೋಗಿಗಳು ಹಸಿದಿದ್ದರಂತೆ. ಈಕೆ ಕಣ್ಣೊರೆಸಿಕೊಂಡು ಎದ್ದು ಒಲೆ ಹಚ್ಚಿದಳು. ಆಮೇಲೆ ಆ ಒಲೆ ಬಿಟ್ಟು ಹೋಗಲೇ ಇಲ್ಲ.

ಆಕೆಯ ತಾಯಿ ತೀರಿಕೊಂಡ ದಿನ ನಾನು ಅಲ್ಲೇ ಇದ್ದೆ. ಎಲ್ಲರ ಸಾವೂ ಮೊದಲು ತಲುಪುವುದು ಆಕೆಯ ಕಿವಿಗೆ. ಹಾಗಿರುವಾಗ ಆಕೆಯಿಂದ ಮುಚ್ಚಿಡುವುದು ಹೇಗೆ? ಫೋನು ಬಂತು. ದಿನಾ ಆಕೆಯ ಜೊತೆ ಲೋಕದ ಹರಟೆಯೆಲ್ಲ ಹೊಡೆಯುತ್ತಿದ್ದ ಸಬ್ಜಾಲಿ ಆವತ್ತು “ಸಾಹೇಬರಿಗೆ ಕೊಡಿ” ಎಂದನಂತೆ. ಅಷ್ಟೇ. ಆಕೆ ಸಾಹೇಬರನ್ನು ಕರೆದು ಫೋನು ಕೊಟ್ಟಳು. ಬಟ್ಟಲಿಗೆ ಹಾಲು ಹಾಕಿದ ಉಪ್ಪುಚಹಾ ಬಗ್ಗಿಸಿ, ರೊಟ್ಟಿ ಮುರಿದು ಹಾಕಿ, ಬೆಣ್ಣೆಯ ಒಂದು ತುಂಡು ಹಾಕಿದಳು. ಮತ್ತೆ ಕೈ ಚಾಚಿ ಇನ್ನೊಂದು ತುಂಡು ಹಾಕಿದಳು. ತನ್ನ ಬಟ್ಟಲಿಗೆ ತಾನೇ. ಸಾಹೇಬರು ಫೋನಿಟ್ಟು “ಅಮ್ಮನಿಗೆ ಸ್ವಲ್ಪ ಹುಷಾರಿಲ್ವಂತೆ ಜರೀಫ್ಮೋ” ಎಂದರು. ಆಕೆ “ಹೌದಾ, ಹೋಗಿಬರ್ತೀನಿ” ಎಂದು ಚಹಾ ಕುಡಿದಳು.

ಅಂಥ ಹೆಂಗಸು ಜೀವಮಾನದಲ್ಲಿ ಒಂದು ಸಲ ಮಾತ್ರ ಕಿರುಚಿದಳು. ಅದರ ಕಥೆ ಇದು.

ಆ ವರ್ಷ ಚಳಿಗಾಲ ಕೆಟ್ಟದಾಗಿತ್ತು. ಊರಿನ ರಸ್ತೆ ಹಿಮದ ಕುಸಿತಕ್ಕೆ ಸಿಕ್ಕಿ ಮುಚ್ಚಿತ್ತು. ಉಳಿದದ್ದು ಎರಡು ಪಂಖದ ಸಣ್ಣ ವಿಮಾನ. ಅದು ಬೆಟ್ಟಗಳ ಮೇಲೆ ಹಾರುವುದಿಲ್ಲ, ಬೆಟ್ಟಗಳ ನಡುವೆ ತೂರುತ್ತದೆ. ರುಶಾನ್ ಹತ್ತಿರ ಎರಡು ಬಂಡೆಗೋಡೆಗಳ ನಡುವಿನ ಸಂದಿಗೆ ಪೈಲಟ್‌ಗಳು ಕಿಟಕಿ ಎನ್ನುತ್ತಾರೆ. ಅಲ್ಲಿ ಮೋಡ ಕೂತರೆ ಕಿಟಕಿ ಮುಚ್ಚಿತು, ವಿಮಾನವಿಲ್ಲ. ಆ ಸಲ ಕಿಟಕಿ ಮುಚ್ಚಿ ಎಷ್ಟು ಕಾಲವಾಗಿತ್ತೆಂದರೆ ನಮ್ಮ ಕಚೇರಿಯ ಕಾರಿಡಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ವಿಮಾನದಲ್ಲಿ ಯಾರಿಗೆ ಸೀಟು ಎಂಬುದರ ಮೇಲೆ ದಿನಕ್ಕೊಂದು ಜಗಳ. ಸರದಿ ತಪ್ಪಿಸಿ ಸೀಟು ಸಿಗುತ್ತಿದ್ದದ್ದು ಸಾವಿನ ಮನೆಯವರಿಗೆ ಮಾತ್ರ, ಅದಕ್ಕೆ ಯಾರೂ ತಕರಾರು ಎತ್ತುತ್ತಿರಲಿಲ್ಲ.

ಒಂದು ಮಧ್ಯಾಹ್ನ ಫೋನು ಬಂತು. ಜರೀಫ್ಮೋ ಅಕ್ಕ ಕೇಳಿಸಿಕೊಂಡಳು, ಹೆಣಿಗೆ ಕೆಳಗಿಟ್ಟಳು, ನನ್ನನ್ನು ಕರೆದಳು.

“ಕಿಮತ್‌ಶೋ, ಮಾರ್ಕೆಟ್ಟಿಗೆ ಹೋಗು. ಹಾಸಿಗೆ ಹೊಲಿಯೋರ ಸಾಲಲ್ಲಿ ಮೆಹ್ರಿ ಇರ್ತಾಳಲ್ಲ, ಬುಲ್ಬುಲ್‌ಶೋ ಮಗಳು, ಅವಳನ್ನ ಕರ್ಕೊಂಡು ಬಾ. ಅಪ್ಪನಿಗೆ ಹುಷಾರಿಲ್ವಂತೆ. ಮೊದಲ ವಿಮಾನಕ್ಕೆ ಹೋಗ್ಬೇಕಂತೆ. ಸಕ್ಕರೆ ಕಾಯಿಲೆ ಔಷಧಿ ತಗೊಂಡೇ ಬರ್ಲಿ.”

“ಅಯ್ಯೋ, ಬುಲ್ಬುಲ್‌ಶೋನಾ? ಯಾವಾಗಂತೆ?”

“ಯಾವಾಗ ಅಂದ್ರೆ? ಹುಷಾರಿಲ್ಲ ಅಂದೆ. ನಿಜವಾಗ್ಲೂ ಹುಷಾರಿಲ್ಲ.”

“ಆಯ್ತಕ್ಕ, ಆಯ್ತು” ಎಂದು ನಾನು ತಲೆ ಬಗ್ಗಿಸಿದೆ.

ಬುಲ್ಬುಲ್‌ಶೋ ಸತ್ತಿರಲಿಲ್ಲ. ಇದನ್ನು ನಾನು ಈಗಲೇ ಹೇಳುತ್ತಿದ್ದೇನೆ, ಆಗ ಅದು ಗೊತ್ತಿದ್ದದ್ದು ಆಕೆಯೊಬ್ಬಳಿಗೇ. ಖೋರೋಗ್ ಆಸ್ಪತ್ರೆಯಲ್ಲಿ ಅವನು ಮಲಗಿದ್ದ. ಮಗಳು ಇಲ್ಲಿಂದ ಪೈಲಟ್‌ಗಳ ಕೈಲಿ ಕಳಿಸುತ್ತಿದ್ದ ಇನ್ಸುಲಿನ್, ಕಿಟಕಿ ಮುಚ್ಚಿದ ಮೇಲೆ ಹೋಗಿರಲಿಲ್ಲ. ಆಸ್ಪತ್ರೆಯಲ್ಲಿ ಒಂದು ತೊಟ್ಟೂ ಇರಲಿಲ್ಲ. ಔಷಧಿ ತಲುಪಿದರೆ ಅವನು ಉಳಿಯುತ್ತಾನೆ, ಇಲ್ಲದಿದ್ದರೆ ಇಲ್ಲ. ಸಬ್ಜಾಲಿ ಹೇಳಿದ್ದು ಇಷ್ಟು, ಆಕೆ ನನಗೆ ಹೇಳಿದ್ದೂ ಇಷ್ಟೇ. ಆದರೆ “ನಿಜವಾಗ್ಲೂ” ಎಂಬ ಮಾತನ್ನು ನಾವು ಪ್ರತಿ ಸಾವಿಗೂ ಹೇಳುತ್ತ ಬಂದಿದ್ದೆವಲ್ಲ, ಈಗ ಅದನ್ನು ಯಾವ ಕಿವಿ ನಂಬುತ್ತದೆ?

ಬುಲ್ಬುಲ್‌ಶೋ ಎಂಥವನೆಂದು ಹೇಳದಿದ್ದರೆ ತಪ್ಪಾಗುತ್ತದೆ. ಹಿಮ ತಳ್ಳುವ ಯಂತ್ರ ಓಡಿಸುತ್ತಿದ್ದವನು. ಹೆಸರು ಬುಲ್ಬುಲ್, ಬಾಯಿ ಬಿಟ್ಟರೆ ಬೈಗುಳ. ಹಿಮಕ್ಕೆ ಬೈಯುತ್ತಿದ್ದ, ಯಂತ್ರಕ್ಕೆ ಬೈಯುತ್ತಿದ್ದ, ದಾರಿಗೆ ಅಡ್ಡ ಬಂದ ಕುರಿಯ ವಂಶಕ್ಕೆಲ್ಲ ಬೈಯುತ್ತಿದ್ದ. ಬೈಗುಳ ಕಲಿಯಬೇಕಾದರೆ ನಾನೂ ಅವನ ಹತ್ತಿರವೇ ಹೋಗಬೇಕು.

ಮಾರ್ಕೆಟ್ಟಿನಲ್ಲಿ ಮೆಹ್ರಿ ಬಾಯಲ್ಲಿ ದಾರ ಕಚ್ಚಿಕೊಂಡು ಹಾಸಿಗೆಗೆ ಅಂಚು ಹೊಲಿಯುತ್ತಿದ್ದಳು. ನನ್ನ ಕಂಡವಳೇ ನಕ್ಕಳು.

“ಏನಣ್ಣಾ, ಇವತ್ತು ಯಾರ ಗ್ರಹಚಾರ ಬಿಡಿಸೋಕೆ ಬಂದೆ?”

“ತಂಗಿ, ಸ್ವಲ್ಪ ಕಚೇರಿಗೆ ಬರ್ತೀಯಾ? ಅಪ್ಪನಿಗೆ ಹುಷಾರಿಲ್ವಂತೆ. ಔಷಧಿ ಇದ್ರೆ ತಗೋ.”

ಅವಳ ಬಾಯಿಂದ ದಾರ ಬಿತ್ತು. ಏನೂ ಕೇಳಲಿಲ್ಲ. ಕೋಣೆಗೆ ಹೋಗಿ ಔಷಧಿಯ ಥರ್ಮಾಸ್, ಒಂದು ಗಂಟು ತಂದಳು. ಗಂಟನ್ನು ನಾನೇ ಎತ್ತಿಕೊಂಡೆ. ದಾರಿಯಲ್ಲಿ ಒಬ್ಬ ಮುಠ್ಠಾಳ ಗಾಡಿಯನ್ನು ಅಡ್ಡ ತಂದು ನಿಲ್ಲಿಸಿದ. ಬೇರೆ ದಿನವಾಗಿದ್ದರೆ ಇಳಿದು ಅವನ ಕೊರಳಪಟ್ಟಿ ಹಿಡಿಯುತ್ತಿದ್ದೆ. ಆವತ್ತು ಸುಮ್ಮನೆ ಕಾದೆ.

ಮೆಹ್ರಿ ನನ್ನ ಕಡೆ ತಿರುಗಿದಳು. “ಅಣ್ಣಾ, ನೀನ್ಯಾಕೆ ಬೈತಿಲ್ಲ?”

“ಬೈಯೋದೇ ಕೆಲಸವಾ ನಂಗೆ? ಬೆಚ್ಚಗೆ ಶಾಲು ಹೊದ್ಕೋ ತಂಗಿ.”

ಅವಳು ಕಿಟಕಿಯ ಕಡೆ ಮುಖ ಮಾಡಿದಳು.

ಮಾರನೆಯ ಬೆಳಗ್ಗೆ ಕಿಟಕಿ ತೆರೆಯಿತು. ಕಾರಿಡಾರಿಗೆ ಕಾರಿಡಾರೇ ಎದ್ದು ಗಂಟುಮೂಟೆ ಕಟ್ಟಿತು. ಮೆಹ್ರಿ ಒಲೆಯ ಹತ್ತಿರ ಕೂತಿದ್ದಳು. ಹಿಂದಿನ ದಿನದಿಂದ ಒಂದು ತುತ್ತು ತಿಂದಿರಲಿಲ್ಲ. ಜರೀಫ್ಮೋ ಅಕ್ಕ ಚಹಾ ಬಗ್ಗಿಸಿದಳು, ರೊಟ್ಟಿ ಮುರಿದು ಹಾಕಿದಳು, ಬೆಣ್ಣೆ ಹಾಕಿದಳು. ಹುಡುಗಿಯ ಬಾಡಿದ ಮುಖ ನೋಡಿದಳು. ದಾರಿ ದೂರ, ಹೊಟ್ಟೆ ಖಾಲಿ ಎಂದು ಮನಸ್ಸಿಗೆ ಬಂತೋ ಏನೋ, ಕೈ ತಾನಾಗಿ ಹೋಗಿ ಎರಡನೇ ತುಂಡನ್ನು ಹಾಕಿಬಿಟ್ಟಿತು. ವರ್ಷಗಟ್ಟಲೆ ಅದನ್ನೇ ಮಾಡಿ ಪಳಗಿದ ಕೈ.

ಒಲೆಯ ಸುತ್ತ ಇದ್ದವರೆಲ್ಲ ಮಾತು ನಿಲ್ಲಿಸಿದರು. ಬೆಣ್ಣೆ ಚಹಾದ ಮೇಲೆ ಹಳದಿಯಾಗಿ ಹರಡಿತು. ಮೆಹ್ರಿ ಅದನ್ನೇ ನೋಡುತ್ತ ಕೂತಳು.

“ಅಯ್ಯೋ ಕಂದಾ, ಹಾಗಲ್ಲ” ಎಂದಳು ಜರೀಫ್ಮೋ ಅಕ್ಕ, ತನ್ನ ಎಂದಿನ ಮೆಲುದನಿಯಲ್ಲಿ. “ನೀನೇನೂ ತಿಂದಿಲ್ಲ ಅಂತ ಹಾಕ್ದೆ. ಅಪ್ಪ ಇದ್ದಾನೆ. ಔಷಧಿ ಕಾಯ್ತಿದ್ದಾನೆ.”

“ಹೌದಕ್ಕ” ಎಂದಳು ಮೆಹ್ರಿ. “ಇದ್ದಾರೆ.” ಬಟ್ಟಲೆತ್ತಿ ಪೂರ್ತಿ ಕುಡಿದಳು. ನಮ್ಮವರು ಹಾಗೆಯೇ ಕುಡಿಯುವುದು.

ಅಷ್ಟರಲ್ಲಿ ವಿಮಾನ ನಿಲ್ದಾಣದಿಂದ ಫೋನು, ಖೋರೋಗ್‌ನಿಂದ ಫೋನು, ಒಂದರ ಮೇಲೊಂದು. ಆಕೆಗೆ ಪುರುಸೊತ್ತಾಗಲಿಲ್ಲ. ನಾನು ಜನರನ್ನು ಜೀಪಿಗೆ ತುಂಬಿಸಿಕೊಂಡು ಹೊರಟೆ. ಮೆಹ್ರಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆ.

ನಿಲ್ದಾಣದ ಬಾಗಿಲಲ್ಲಿ ಇಳಿದವಳು ಥರ್ಮಾಸನ್ನು ನನ್ನ ಸೀಟಿನ ಮೇಲೆ ಇಟ್ಟಳು.

“ಅಣ್ಣಾ, ಕಚೇರೀಲಿ ಸಕ್ಕರೆ ಕಾಯಿಲೆಯೋರು ಯಾರಾದ್ರೂ ಇದ್ರೆ ಕೊಟ್ಬಿಡು. ಇನ್ನು ನಮ್ಮನೇಲಿ ಯಾರಿಗೂ ಬೇಡ.”

“ಒಳ್ಳೇದು ತಂಗಿ” ಎಂದೆ.

ಅಲ್ಲೇ ಗೋಡೆಯ ಹತ್ತಿರ ಒಬ್ಬ ಬಾಣಂತಿ ಕೂಸನ್ನು ಎದೆಗವಚಿಕೊಂಡು ನಿಂತಿದ್ದಳು. ಅವಳದು ಈ ವಿಮಾನಕ್ಕೆ ಬರುವ ಸರದಿಯಲ್ಲ. ಸುಮ್ಮನೆ ಆಸೆಯಿಂದ ಬಂದು ನಿಂತಿದ್ದಳು. ಮೆಹ್ರಿ ಅವಳ ಹತ್ತಿರ ಹೋದಳು.

“ನೀನು ಹೋಗಕ್ಕ, ನನ್ನ ಸೀಟಲ್ಲಿ.”

“ಅಯ್ಯೋ, ನಿಂದು ಅವಸರದ ಸೀಟಂತಲ್ಲಮ್ಮ!”

“ಮಣ್ಣು ಆಗಿಹೋಗಿರುತ್ತೆ. ಸತ್ತೋರು ಕಾಯ್ತಾರೆ ಅಕ್ಕಾ, ಕೂಸು ಕಾಯಲ್ಲ.”

ನಾನು ಕಣ್ಣಾರೆ ನೋಡಿದೆ. ಎಂಥ ಮನಸ್ಸು ಈ ಹುಡುಗಿಯದು ಎಂದುಕೊಂಡು, ಉಳಿದವರನ್ನು ತರಲು ಜೀಪು ತಿರುಗಿಸಿದೆ.

ಅಡುಗೆಮನೆಗೆ ಬಂದು ಥರ್ಮಾಸನ್ನು ಫೋನಿನ ಪಕ್ಕ ಇಟ್ಟೆ. “ನೋಡಕ್ಕ, ಮೆಹ್ರಿ ಇದನ್ನ ಬೇರೆಯೋರಿಗೆ ಕೊಡು ಅಂದ್ಳು. ಸೀಟೂ ಬಾಣಂತಿಗೆ ಕೊಟ್ಬಿಟ್ಳು. ಬುಲ್ಬುಲ್‌ಶೋ ಹೊಟ್ಟೇಲಿ ಇಂಥ ಮಗಳು...”

ಜರೀಫ್ಮೋ ಅಕ್ಕ ಥರ್ಮಾಸನ್ನು ನೋಡಿದಳು. ಮುಖದಲ್ಲಿ ರಕ್ತವೇ ಇಲ್ಲ.

“ಅವನು ಬದುಕಿದ್ದಾನೆ ಕಣೋ.”

“ಹೌದಕ್ಕ. ಬದುಕಿದ್ದಾನೆ” ಎಂದೆ, ಸಮಾಧಾನದಿಂದ.

ಸೌಟು ನನ್ನ ಭುಜಕ್ಕೆ ಬಿತ್ತು. ಬಿಸಿ ಸೌಟು.

“ಸಮಾಧಾನ ಹೇಳ್ತೀಯೇನೋ ನಂಗೆ, ಕತ್ತೆ! ಸಬ್ಜಾಲಿ ನಿನ್ನೆ ಹೇಳ್ದ, ಇವತ್ತು ಬೆಳಗ್ಗೆಯೂ ಹೇಳ್ದ. ಉಸಿರಿದೆ, ಔಷಧಿ ಬೇಕು ಅಂತ. ತೆಗಿ ಗಾಡಿ!”

ಫೋನು ಆಗ ಬಡಿದುಕೊಳ್ಳಲು ಶುರುವಾಗಿತ್ತು. ಆಕೆ ಅದರ ಕಡೆ ತಿರುಗಿಯೂ ನೋಡಲಿಲ್ಲ. ಫೋನು ಬಡಿಯುತ್ತಿರುವಾಗ ಆಕೆ ಅಡುಗೆಮನೆ ಬಿಟ್ಟು ಹೋದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಥರ್ಮಾಸನ್ನು ಎದೆಗವಚಿಕೊಂಡು, ಮನೆಯ ಚಪ್ಪಲಿಯಲ್ಲೇ, ತಲೆವಸ್ತ್ರ ಜಾರಿದ್ದನ್ನೂ ನೋಡದೆ ಜೀಪಿಗೆ ಹತ್ತಿದಳು.

ನಾನು ಹೇಗೆ ಓಡಿಸಿದೆನೋ ಆ ಪಾಮೀರಿಗೇ ಗೊತ್ತು. ದಾರಿಯಲ್ಲಿ ಪೊಲೀಸನೊಬ್ಬ ಕೋಲು ಎತ್ತಿದ, ನಾನು ನಿಲ್ಲಿಸಲಿಲ್ಲ. ಮಾರ್ಕೆಟ್ಟಿನ ತಿರುವಿನಲ್ಲಿ ಒಬ್ಬ ಕುಂಬಳದ ಗಾಡಿ ತಳ್ಳಿಕೊಂಡು ಅಡ್ಡ ಬಂದ. ಬಾಯಿಗೆ ಬಂದದ್ದೆಲ್ಲ ಅಂದೆ. ಆಕೆ ಒಂದೇ ಮಾತು ಹೇಳುತ್ತಿದ್ದಳು, ನನಗಲ್ಲ, ತನ್ನ ಕೈಗೆ. “ಹಾಳಾದ ಕೈ. ಹಾಳಾದ ಕೈ.”

ನಿಲ್ದಾಣದ ಬೇಲಿಯಾಚೆ ವಿಮಾನದ ಒಂದು ಪಂಖ ತಿರುಗತೊಡಗಿತ್ತು.

ಮೆಹ್ರಿ ಹೊರಗೆ, ಗೋಡೆಯ ಬುಡದಲ್ಲಿ ಕೂತಿದ್ದಳು. ಸುತ್ತ ನಮ್ಮ ಹೆಂಗಸರು ನೆರೆದುಬಿಟ್ಟಿದ್ದರು. ಒಬ್ಬಳು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಇನ್ನೊಬ್ಬ ಮುದುಕಿ ತೂಗಾಡುತ್ತ ಹಾಡು ಎತ್ತಿದ್ದಳು. ಹಿಮದ ದಾರಿ ತೆಗೆದವನೇ, ನಿನ್ನ ದಾರಿ ಯಾರು ತೆಗೆದರೋ ಎಂದು. ಯಾ ಮೌಲಾ! ಬದುಕಿದ್ದವನಿಗೆ ಹೆಂಗಸರು ಅಳುತ್ತಿದ್ದರು, ಅದೂ ರಾಗವಾಗಿ.

ಜರೀಫ್ಮೋ ಅಕ್ಕ ಅವರ ನಡುವೆ ನುಗ್ಗಿದಳು. “ಮೆಹ್ರಿ, ಏಳು. ಅಪ್ಪ ಬದುಕಿದ್ದಾನೆ ಕಂದಾ. ಔಷಧಿ ತಗೊಂಡು ಹತ್ತು.”

“ಹೌದಮ್ಮ, ಬದುಕಿದ್ದಾನೆ” ಎಂದಳು ಮುದುಕಿ, ಆಕೆಯ ಕೈ ಸವರುತ್ತ. “ಬದುಕಿದ್ದಾನೆ, ಬದುಕಿದ್ದಾನೆ. ನೀನೂ ಕೂತ್ಕೋ ತಾಯಿ.”

“ನಿಜವಾಗ್ಲೂ!”

“ನಿಜವಾಗ್ಲೂ” ಎಂದರು ಎಲ್ಲರೂ. ಯಾರೂ ಏಳಲಿಲ್ಲ. ಮೆಹ್ರಿ ಕಣ್ಣೀರಿನಲ್ಲೇ ಆಕೆಗೆ ಕೈಮುಗಿದಳು. “ಸಾಕಕ್ಕ. ನಂಗೆ ಗೊತ್ತಾಯ್ತು. ನೀವು ಇಷ್ಟು ದೂರ ಬರ್ಬೇಕಿರ್ಲಿಲ್ಲ.”

ಎರಡನೇ ಪಂಖವೂ ತಿರುಗಿತು. ಜರೀಫ್ಮೋ ಅಕ್ಕ ಸುತ್ತ ನೋಡಿದಳು. ಇಷ್ಟು ವರ್ಷ ಆಕೆಯ ಬಾಯಿಂದ ಬಂದ ಒಂದೊಂದು ಸಮಾಧಾನದ ಮಾತೂ ಈಗ ಆಕೆಯ ಎದುರು ಗೋಡೆಯಾಗಿ ನಿಂತಿತ್ತು. ಆಗ ಆಕೆ ಮೆಹ್ರಿಯ ರೆಟ್ಟೆ ಹಿಡಿದು ಎಳೆದು ನಿಲ್ಲಿಸಿದಳು, ಬಾಯಿ ತೆಗೆದಳು. ಆ ಪುಟ್ಟ ಮೈಯಲ್ಲಿ ಅಂಥ ದನಿ ಎಲ್ಲಿತ್ತೋ, ವಿಮಾನದ ಸದ್ದನ್ನೂ ಸೀಳಿಕೊಂಡು ಬಂತು.

“ಏಳೇ, ದರಿದ್ರದ ಮುಂಡೇದೆ! ಅಪ್ಪ ಅಲ್ಲಿ ಉಸಿರು ಬಿಗಿಹಿಡಿದು ನಿನ್ನ ದಾರಿ ಕಾಯ್ತಿದ್ರೆ ಇಲ್ಲಿ ಕೂತು ಅವನ ಹೆಣಕ್ಕೆ ಅಳ್ತೀಯೇನೇ? ನಿನ್ನ ಕಣ್ಣು ಹಿಂಗಿಹೋಗ! ಔಷಧಿ ದಾನ ಮಾಡೋಕೆ ನೀನೇನು ರಾಣಿಯಾ? ಆ ಬುಲ್ಬುಲ್‌ಶೋ ನಿನ್ನಂಥ ಹೆಡ್ಡಿಯನ್ನ ಹೆತ್ತಿದ್ದಕ್ಕೆ ಹಿಮದ ಕೆಳಗೇ ಹೋಗ್ಬೇಕಾಗಿತ್ತು!”

ಹಾಡು ನಿಂತಿತು. ಮುದುಕಿಯ ಬಾಯಿ ತೆರೆದದ್ದು ತೆರೆದೇ ಇತ್ತು.

ನಮ್ಮಲ್ಲಿ ಸಾವಿನ ಮನೆಯವರಿಗೆ ಯಾರೂ ಬೈಯುವುದಿಲ್ಲ. ಸಾಲ ಕೊಟ್ಟವನೂ ಬೈಯುವುದಿಲ್ಲ, ಹಗೆಯವನೂ ಬೈಯುವುದಿಲ್ಲ, ನಾನೂ ಬೈಯುವುದಿಲ್ಲ. ಅಂಥದ್ದರಲ್ಲಿ ಜರೀಫ್ಮೋ ಅಕ್ಕ!

ಮೆಹ್ರಿ ಆಕೆಯ ಮುಖವನ್ನೇ ನೋಡಿದಳು. “ಅಕ್ಕಾ... ಬೈತಿದ್ದೀರಾ ನೀವು?”

“ಬೈತಿದ್ದೀನಿ ಕಣೇ! ಹೊಡೀತೀನಿ ಬೇಕಾದ್ರೆ!” ಎಂದು ಒಂದು ಹೊಡೆದೂಬಿಟ್ಟಳು.

“ಹಂಗಾದ್ರೆ ಅಪ್ಪ...” ಎಂದವಳೇ ಮೆಹ್ರಿ ಥರ್ಮಾಸ್ ಕಿತ್ತುಕೊಂಡು ಓಡಿದಳು. ಅವಳ ಹಿಂದೆ ಜರೀಫ್ಮೋ ಅಕ್ಕ, ಆಕೆಯ ಹಿಂದೆ ನಾನು. ಗೇಟಿನವನು ಅಡ್ಡ ಬಂದ. ನನ್ನ ಬಾಯಿಗೆ ಮತ್ತೆ ಜೀವ ಬಂದಿತ್ತು, ಅವನು ಸರಿದ.

ಇಬ್ಬರು ಪೈಲಟ್‌ಗಳಲ್ಲಿ ಒಬ್ಬ ಕೆಳಗೆ ನಿಂತು ಬಾಗಿಲು ಹಾಕಿಸುತ್ತಿದ್ದ. “ಜಾಗ ಇಲ್ಲಮ್ಮ. ಭಾರ ಮೀರಿದೆ. ಕಿಟಕಿ ಮತ್ತೆ ಮುಚ್ಚೋ ಹಾಗಿದೆ, ನಾನು ಹೊರಟೆ.”

“ನಾನು ಇಳೀತೀನಿ” ಎಂದು ಬಾಣಂತಿ ಒಳಗಿಂದ ಕೂಗಿದಳು.

“ನೀನು ಕೂತ್ಕೋ!” ಎಂದಳು ಜರೀಫ್ಮೋ ಅಕ್ಕ. ಇನ್ನೂ ಅದೇ ದನಿ. ಬಾಗಿಲಿಂದ ತಲೆ ತೂರಿಸಿ ನೋಡಿದಳು. ಹಿಂದಿನ ಸಾಲಿನ ಹಿಂದೆ ಹಗ್ಗ ಬಿಗಿದು ನಿಲ್ಲಿಸಿದ್ದ ಬಿಳಿ ಫ್ರಿಜ್. ಅದು ನನಗೆ ಗೊತ್ತಿತ್ತು. ನಸುಕಿನಲ್ಲಿ ನಾನೇ ತಂದು ಹೇರಿದ್ದೆ. ಊರಿನ ದೊಡ್ಡ ಅಧಿಕಾರಿಯೊಬ್ಬರ ಮಗಳ ಮದುವೆಗೆ ನಮ್ಮ ಸಾಹೇಬರ ಉಡುಗೊರೆ. ಹೊರಗೆಲ್ಲ ಹಿಮ ಬಿದ್ದಿರುವ ಊರಿಗೆ ಫ್ರಿಜ್!

“ಕಿಮತ್‌ಶೋ, ಇಳಿಸು ಅದನ್ನ.”

“ಸಾಹೇಬ್ರು?”

“ಜರೀಫ್ಮೋ ಇಳಿಸಿದ್ಲು ಅನ್ನು.”

ಹಗ್ಗ ಬಿಚ್ಚುವ ತಾಳ್ಮೆ ನನಗಿಲ್ಲ, ಕತ್ತರಿಸಿದೆ. ಇನ್ನಿಬ್ಬರು ಕೈಗೂಡಿಸಿದರು. ಫ್ರಿಜ್ ಹಿಮದ ಮೇಲೆ ಮಗ್ಗುಲಾಗಿ ಬಿತ್ತು. ಮೆಹ್ರಿ ಅದು ನಿಂತಿದ್ದ ಜಾಗದಲ್ಲಿ ಥರ್ಮಾಸ್ ತೊಡೆಯ ಮೇಲಿಟ್ಟುಕೊಂಡು ನೆಲಕ್ಕೇ ಕೂತಳು. ಪೈಲಟ್ ಫ್ರಿಜ್ಜನ್ನು ನೋಡಿದ, ಹುಡುಗಿಯನ್ನು ನೋಡಿದ, ಏನೋ ಗೊಣಗಿ ಬಾಗಿಲು ಎಳೆದ.

ವಿಮಾನ ಹೋದಮೇಲೆ ಆಕೆ ತನ್ನ ಕಾಲು ನೋಡಿಕೊಂಡಳು. ಒಂದು ಚಪ್ಪಲಿ ಎಲ್ಲೋ ಬಿದ್ದುಹೋಗಿತ್ತು. ಫ್ರಿಜ್ಜಿನ ಮೇಲೇ ಕೂತಳು.

“ಏನೇನಂದೆ ನಾನು ಆ ಮಗೂಗೆ?”

“ತುಂಬ ಚೆನ್ನಾಗಿ ಬೈದೆ ಅಕ್ಕ. ನಂಗೂ ಅಷ್ಟು ಬರಲ್ಲ.”

“ಹಿಮದ ಕೆಳಗೆ ಹೋಗ್ಬೇಕಾಗಿತ್ತು ಅಂದೆನಲ್ಲೋ. ಅವನಿಗೆ ಹಂಗೇ ಆದ್ರೆ?”

ನಾನು ಆಕೆಯ ಚಪ್ಪಲಿ ಹುಡುಕಲು ಹೊರಟೆ.

ಕಚೇರಿಗೆ ಬಂದು ಆಕೆ ಫೋನಿನ ಮುಂದೆ ಕೂತಳು. ಹೆಣಿಗೆ ಮುಟ್ಟಲಿಲ್ಲ, ಹಾಲು ಉಕ್ಕಿ ಒಲೆ ಆರಿತು, ನೋಡಲಿಲ್ಲ. ಕಿಟಕಿ ದಾಟಿದರೋ ಇಲ್ಲವೋ, ಹಿಂದಕ್ಕೆ ತಿರುಗಿದರೋ, ಇಲ್ಲ ಆ ಬಂಡೆಗೆ... ಅದನ್ನು ಯಾರೂ ಬಾಯಲ್ಲಿ ಆಡಲಿಲ್ಲ. ನಡುವೆ ಸಾಹೇಬರು ಬಂದು ಫ್ರಿಜ್ಜಿನ ವಿಷಯಕ್ಕೆ ಕೂಗಾಡಿದರು. “ಇಬ್ಬರನ್ನೂ ಮನೆಗೆ ಕಳಿಸ್ತೀನಿ!” ಎಂದರು. ಆಕೆ ಬೆರಳೆತ್ತಿ “ಶ್!” ಎಂದಳು, ಫೋನಿನಿಂದ ಕಣ್ಣು ತೆಗೆಯದೆ. ಸಾಹೇಬರು ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ ಅವರೂ ಒಂದು ಸ್ಟೂಲು ಎಳೆದುಕೊಂಡು ಕೂತರು. ಅವರ ಊರೂ ಅದೇ ತಾನೇ.

ಸಂಜೆಯ ಹೊತ್ತಿಗೆ ಸಬ್ಜಾಲಿ ಫೋನು ಮಾಡಿದ. ವಿಮಾನ ಇಳಿದಿದೆ, ಹುಡುಗಿ ಆಸ್ಪತ್ರೆಗೆ ಓಡಿದ್ದಾಳೆ. ಬುಲ್ಬುಲ್‌ಶೋ ಹೇಗಿದ್ದಾನೆಂದರೆ ಗೊತ್ತಿಲ್ಲ ಎಂದ. ಆಮೇಲೆ ಸುದ್ದಿಯಿಲ್ಲ. ಕಿಟಕಿ ಮತ್ತೆ ಮುಚ್ಚಿತು.

ಮಾರನೆಯ ದಿನ ಹೊತ್ತೇರಿದ ಮೇಲೆ ಫೋನು ಬಂತು. ಮೆಹ್ರಿಯೇ. ನಾನು ಕಿವಿಯನ್ನು ಜರೀಫ್ಮೋ ಅಕ್ಕನ ಕಿವಿಗೆ ಹಚ್ಚಿ ನಿಂತೆ.

“ಅಕ್ಕಾ, ಅಪ್ಪ ಚೆನ್ನಾಗಿದ್ದಾರೆ” ಎಂದಳು ಹುಡುಗಿ. ದಣಿದ, ಮೆತ್ತನೆಯ ದನಿ. “ಕಣ್ಣು ಬಿಟ್ಟಿದ್ದಾರೆ. ನೀವು ಯೋಚನೆ ಮಾಡ್ಬೇಡಿ. ಊಟ ಮಾಡಿ ಅಕ್ಕಾ.”

ಜರೀಫ್ಮೋ ಅಕ್ಕ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು. ಊಟ ಮಾಡಿ, ಯೋಚನೆ ಮಾಡಬೇಡಿ. ಈ ಮಾತುಗಳನ್ನು ಎಷ್ಟು ಜನಕ್ಕೆ ಆಕೆಯೇ ಹೇಳಿದ್ದಳು, ಇದೇ ದನಿಯಲ್ಲಿ.

“ಮೆಹ್ರಿ” ಎಂದಳು. “ನಂಗೆ ಬೈ.”

“ಅಯ್ಯೋ, ನಿಮಗಾ ಅಕ್ಕಾ? ಹೇಗೆ ಬೈಲಿ?”

“ಬೈಯೇ!”

ತಂತಿಯಲ್ಲಿ ಗಾಳಿಯ ಸದ್ದು. ಜರೀಫ್ಮೋ ಅಕ್ಕ ಕಣ್ಣು ಮುಚ್ಚಿಕೊಂಡಳು. ಆಮೇಲೆ ಏನೋ ಗುದ್ದಾಟ, ಯಾರೋ ಫೋನು ಕಿತ್ತುಕೊಂಡ ಸದ್ದು, ಒಂದು ಕೆಮ್ಮು. ಹರಿದ ಡೋಲಿನಂಥ ಒಂದು ದನಿ ಬಂತು:

“ಯಾವಳೇ ಅವಳು, ನನ್ನನ್ನ ಹಿಮದ ಕೆಳಗೆ ಕಳಿಸಿದೋಳು? ನನ್ನ ಮಗಳಿಗೆ ಹೊಡೆದೆಯಂತೆ, ನಿನ್ನ ಕೈಗೆ ಕುಷ್ಠ ಬರ! ಈ ಆಸ್ಪತ್ರೇಲಿ ಸೂಜಿ ಚುಚ್ಚೋ ಕತ್ತೆಗಳಿಗೆ ರಕ್ತನಾಳ ಯಾವುದು ಹಗ್ಗ ಯಾವುದು ಗೊತ್ತಿಲ್ಲ...”

ಜರೀಫ್ಮೋ ಅಕ್ಕ ಫೋನನ್ನು ಕಿವಿಯಿಂದ ತೆಗೆದು ಅಡುಗೆಮನೆಯ ಕಡೆ ಹಿಡಿದಳು. ಕಾರಿಡಾರಿನವರೆಲ್ಲ ಬಂದು ಸೇರಿದ್ದರು. ಬುಲ್ಬುಲ್‌ಶೋ ಡಾಕ್ಟರಿಗೆ ಬೈದ, ಪೈಲಟ್‌ಗೆ ಬೈದ, ಹಿಮಕ್ಕೆ ಬೈದ, ನಮ್ಮ ಸಾಹೇಬರ ಫ್ರಿಜ್ಜಿಗೆ ಬೈದ. ಸಾಹೇಬರು ಅಲ್ಲೇ ನಿಂತು ಕೇಳಿಸಿಕೊಂಡರು. ಆಕೆ ತಲೆವಸ್ತ್ರದ ಅಂಚಿನಲ್ಲಿ ಮುಖ ಮುಚ್ಚಿಕೊಂಡು, ಅವನ ಉಸಿರು ಮುಗಿಯುವವರೆಗೂ ಫೋನನ್ನು ಹಾಗೆಯೇ ಹಿಡಿದಿದ್ದಳು.

ಅಲ್ಲಿಂದಾಚೆ ಒಂದು ಹೊಸ ರೂಢಿ ಬಂತು. ಯಾರೂ ಗೊತ್ತುಮಾಡಿದ್ದಲ್ಲ. ಊರಿನಲ್ಲಿ ನಿಜಕ್ಕೂ ಬರೀ ಕಾಯಿಲೆಯಾಗಿದ್ದರೆ ಜರೀಫ್ಮೋ ಅಕ್ಕ ಆ ಮನೆಯವನನ್ನು ಕರೆಸಿ ಮೊದಲು ಒಂದು ಸುತ್ತು ಬೈಯುತ್ತಿದ್ದಳು, ಆಮೇಲೆ ಸುದ್ದಿ. ಆಕೆಗೆ ಬೈಗುಳ ಅಷ್ಟಾಗಿ ಬಾರದು. ಎರಡು ಮೂರು ನಾನೇ ಹೇಳಿಕೊಟ್ಟಿದ್ದೆ. ಬೈಸಿಕೊಂಡವರು ಕಣ್ಣೀರು ಒರೆಸಿಕೊಳ್ಳುತ್ತ ನಗುತ್ತ ಹೊರಗೆ ಬರುತ್ತಿದ್ದರು.

ಮುಂದಿನ ಚಳಿಗಾಲ ಒಬ್ಬ ಕಟ್ಟಡ ಕೆಲಸದವನನ್ನು ನಾನು ಕರೆತಂದೆ. ದಪ್ಪ ಕೈಗಳು, ಮೈಯೆಲ್ಲ ಸುಣ್ಣ. ಒಲೆಯ ಹತ್ತಿರ ಕೂತು ಆಕೆಯ ಬಾಯನ್ನೇ ನೋಡಿದ. ಆಕೆ ಏನೂ ಅನ್ನಲಿಲ್ಲ.

“ಬೈಯಿ ಅಕ್ಕಾ” ಎಂದ. “ಒಂದೇ ಒಂದು ಮಾತು ಬೈಯಿ.”

ಜರೀಫ್ಮೋ ಅಕ್ಕ ಚಹಾ ಬಗ್ಗಿಸಿದಳು, ರೊಟ್ಟಿ ಮುರಿದು ಹಾಕಿದಳು. ಬೆಣ್ಣೆಯ ಒಂದು ತುಂಡು ಹಾಕಿದಳು. ಅವನ ತಲೆಯ ಮೇಲೆ ಎಡಗೈ ಇಟ್ಟುಕೊಂಡು, ಬಲಗೈಯಲ್ಲಿ ಎರಡನೆಯದನ್ನು ಹಾಕಿದಳು.